ಐನಾಪುರದ ಒಲೆಯ ಮೇಲೆ ಬ್ರುಸ್ಕೆಟ್ಟಾ

ಇಟಲಿ ದೇಶದ ಅಡುಗೆಗಳೆಂದು ನಮ್ಮ ನಗರಗಳ ಉಪಾಹಾರಗೃಹಗಳಲ್ಲಿ ಇಂದು ಪರಿಚಿತವಾಗಿರುವ ತಿನಿಸುಗಳ ಪೈಕಿ, ಊಟಕ್ಕೆ ಮುನ್ನ ಹಸಿವನ್ನು ಕೆರಳಿಸುವ ಸಲುವಾಗಿ ತಟ್ಟೆಗೆ ಬರುವ ಬ್ರುಸ್ಕೆಟ್ಟಾ ಎಂಬುದು ಅತ್ಯಂತ ಸರಳವಾದುದು. ಸುಟ್ಟ ಬ್ರೆಡ್ಡಿನ ತುಂಡು, ಅದರ ಮೇಲೆ ಹೆಚ್ಚಿದ ಟೊಮ್ಯಾಟೊ, ಬೆಳ್ಳುಳ್ಳಿಯ ಘಮ, ಒಂದೆರಡು ಎಲೆ, ಎಣ್ಣೆಯ ಹೊಳಪು. ಇಷ್ಟೇ ಅದರ ಬಾಹ್ಯರೂಪ. ಕಣ್ಣಿಗೆ ಮೊದಲು ಬೀಳುವುದು ಟೊಮ್ಯಾಟೊದ ಕೆಂಪಾದುದರಿಂದ, ಇದು ಟೊಮ್ಯಾಟೊ ತಿನಿಸೆಂದೇ ಬಹುಮಂದಿ ಭಾವಿಸಿದ್ದಾರೆ. ಮನೆಯಲ್ಲಿ ಮಾಡಹೊರಟವರ ಕೈ ಕೆಡುವುದು ಆ ಭಾವನೆಯಿಂದಲೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ಬ್ರುಸ್ಕೆಟ್ಟಾ ಮೂಲತಃ ಧಾನ್ಯದ ಮತ್ತು ಎಣ್ಣೆಯ ತಿನಿಸು. ಟೊಮ್ಯಾಟೊ ಅದಕ್ಕೆ ಈಚೆಗೆ ಬಂದು ಕೂಡಿಕೊಂಡ ಪದಾರ್ಥ. ಆದುದರಿಂದ, ರೊಟ್ಟಿಯ ಹದವನ್ನೂ ಗಾಣದ ಎಣ್ಣೆಯ ಬೆಲೆಯನ್ನೂ ಪರಂಪರೆಯಿಂದ ಬಲ್ಲ ಜನರಿಗೆ, ಅವರು ಇಟಲಿಯ ಹೆಸರನ್ನೇ ಕೇಳದವರಾಗಿದ್ದರೂ, ಇದರ ಮರ್ಮವನ್ನು ಅರಿಯುವುದು ಕಠಿಣವಲ್ಲ. ಚಿಂಚೋಳಿ ತಾಲೂಕಿನ ಐನಾಪುರದಲ್ಲಿ, ನಮ್ಮ ದೊಡ್ಡವ್ವನ ಅಡುಗೆಮನೆಯಲ್ಲಿ ಇದನ್ನು ಮಾಡಿ ಉಂಡ ಮೇಲೆ ಈ ಅಭಿಪ್ರಾಯ ನನ್ನಲ್ಲಿ ಇನ್ನಷ್ಟು ಬೇರೂರಿತು.

ಮಧ್ಯ ಇಟಲಿಯ ಟಸ್ಕನಿ ಪ್ರಾಂತದ ಬೆಟ್ಟದೂರುಗಳಲ್ಲಿ ಶತಮಾನಗಳ ಕಾಲ ಉಳುಮೆ ಮಾಡಿದವರಲ್ಲಿ ಹೆಚ್ಚಿನವರು ಒಡೆಯನ ಭೂಮಿಯನ್ನು ಅರ್ಧಪಾಲಿಗೆ ಹಿಡಿದ ರೈತರು. ಅಂತಹ ಕರಾರುಗಳನ್ನು ಹೊಸದಾಗಿ ಮಾಡಿಕೊಳ್ಳಲಾಗದೆಂದು ಅಲ್ಲಿ ಶಾಸನವಾದುದು 1964ರಲ್ಲಿ, ಅಂದರೆ ನಮ್ಮ ನಾಡು ಏಕೀಕರಣಗೊಂಡು ಎಂಟು ವರ್ಷ ಕಳೆದ ಮೇಲೆ. ಬೆಳೆದುದರಲ್ಲಿ ಅರ್ಧವನ್ನು ಒಡೆಯನಿಗೆ ಅಳೆದುಕೊಟ್ಟು ಉಳಿದ ಅರ್ಧದಲ್ಲಿ ವರ್ಷವನ್ನು ನೂಕಬೇಕಾದ ಮನೆಯಲ್ಲಿ ಸೌದೆಯನ್ನಾಗಲಿ ಹಿಟ್ಟನ್ನಾಗಲಿ ದಿನವೂ ವ್ಯಯಮಾಡುವಂತಿರಲಿಲ್ಲವಾದ್ದರಿಂದ, ವಾರಕ್ಕೊಂದು ಸಲ ಗೂಡೊಲೆಯನ್ನು ಕಾಯಿಸಿ, ಉಪ್ಪು ಬೆರೆಸದ ಹಿಟ್ಟಿನ ದೊಡ್ಡ ದೊಡ್ಡ ಉಂಡೆಗಳನ್ನು ಬೇಯಿಸಿ, ಅವನ್ನೇ ಮುಂದಿನ ವಾರದವರೆಗೆ ಉಣ್ಣುವುದು ರೂಢಿಯಾಯಿತು. ಎರಡು ಮೂರು ದಿನಗಳಲ್ಲಿ ಆ ಬ್ರೆಡ್ಡು ಗಡುಸಾಗುತ್ತಿತ್ತು. ಗಡುಸಾಯಿತೆಂದು ಅದನ್ನು ಎಸೆಯುವ ಯೋಚನೆ ಯಾರಿಗೂ ಬರುತ್ತಿರಲಿಲ್ಲ. ನೀರಿನಲ್ಲಿ ನೆನೆಸಿ ಹಿಂಡಿ ಉಳ್ಳಾಗಡ್ಡಿಯೊಡನೆ ಕಲಸಿದರೆ ಅದು ಪಾಂಜಾನೆಲ್ಲಾ. ಕಾಯಿಪಲ್ಯ ಮತ್ತು ಕಾಳುಗಳ ಸಾರಿನಲ್ಲಿ ಬೇಯಿಸಿ ಮರುದಿನ ಮತ್ತೆ ಕುದಿಸಿದರೆ ರಿಬೊಲ್ಲೀತಾ. ಕೆಂಡದ ಮೇಲೆ ಸುಟ್ಟು, ಹಸಿ ಬೆಳ್ಳುಳ್ಳಿಯನ್ನು ತಿಕ್ಕಿ, ಉಪ್ಪು ಉದುರಿಸಿ, ಮೇಲೆ ಧಾರಾಳವಾಗಿ ಎಣ್ಣೆ ಸುರಿದರೆ ಫೆತ್ತುಂತಾ. ಬ್ರುಸ್ಕೆಟ್ಟಾದ ಆದಿರೂಪ ಈ ಕಡೆಯದೇ. ನವೆಂಬರದ ಸುಮಾರಿಗೆ ಆಲಿವ್ ಕಾಯಿಗಳನ್ನು ಕೊಯ್ದು ಗಾಣಕ್ಕೆ ಒಯ್ದಾಗ, ಹಸುರು ಛಾಯೆಯ ಹೊಸ ಎಣ್ಣೆ ಗಂಟಲನ್ನು ಚುರ್ರೆನ್ನಿಸುವಷ್ಟು ತೀಕ್ಷ್ಣವಾಗಿರುತ್ತದೆ. ಆ ತೀಕ್ಷ್ಣತೆಯನ್ನು ಸವಿದು ಎಣ್ಣೆಯ ಗುಣವನ್ನು ನಿರ್ಣಯಿಸಲು ಸುಟ್ಟ ಬ್ರೆಡ್ಡಿಗಿಂತ ಉತ್ತಮವಾದ ಸಾಧನವಿಲ್ಲ. ಚಳಿಗಾಲ ಕಾಲಿಡುತ್ತಿರುವ ಆ ದಿನಗಳ ತಟ್ಟೆಯಲ್ಲಿ ಹಣ್ಣಾದ ಟೊಮ್ಯಾಟೊ ಇರುವ ಸಂಭವವೇ ಇಲ್ಲ.

ಗಡುಸಾದ ಬ್ರೆಡ್ಡನ್ನೇ ಏಕೆ ಸುಡಬೇಕು ಎಂಬುದಕ್ಕೆ ಬಡತನದ ಹೊರತಾಗಿಯೂ ಒಂದು ಕಾರಣವುಂಟು. ಬ್ರೆಡ್ಡು ಹಳತಾಗುವುದೆಂದರೆ ಅದು ಒಣಗುವುದೆಂದು ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ನಿಜವಾಗಿ ನಡೆಯುವುದೇನೆಂದರೆ, ಬೇಯುವಾಗ ನೀರುಂಡು ಮೆತ್ತಗಾಗಿದ್ದ ಪಿಷ್ಟವು ತಣ್ಣಗಾದ ಮೇಲೆ ಕ್ರಮಕ್ರಮವಾಗಿ ಮತ್ತೆ ಸ್ಫಟಿಕರೂಪಕ್ಕೆ ತಿರುಗಿ ಬಿಗಿಯಾಗುತ್ತದೆ. ಡಬ್ಬಿಯಲ್ಲಿ ಭದ್ರವಾಗಿ ಮುಚ್ಚಿಟ್ಟ ಬ್ರೆಡ್ಡೂ ಗಡುಸಾಗುವುದು ಇದರಿಂದಲೇ. ಸುಮಾರು 60 ಡಿಗ್ರಿ ಸೆಲ್ಸಿಯಸ್ ದಾಟುವಂತೆ ಅದನ್ನು ಮತ್ತೆ ಕಾಯಿಸಿದರೆ ಆ ಬಿಗಿ ಸಡಿಲುತ್ತದೆ. ಹೀಗೆ, ಹಳೆಯ ಬ್ರೆಡ್ಡಿನ ದಪ್ಪ ತುಂಡನ್ನು ಕೆಂಡದ ಮೇಲೆ ಹಿಡಿದಾಗ, ಹೊರಮೈ ಕಂದುಗಟ್ಟಿ ಗರಿಗರಿಯಾಗುವಷ್ಟರಲ್ಲಿ ಒಳಗಿನ ತಿರುಳು ಮೃದುತ್ವವನ್ನು ಮರಳಿ ಪಡೆಯುತ್ತದೆ. ಹೊಸ ಬ್ರೆಡ್ಡಿನಲ್ಲಿ ನೀರಿನಂಶ ಹೆಚ್ಚಾಗಿರುವುದರಿಂದ ಅದು ಸುಡುವ ಮೊದಲು ಬೆವರುತ್ತದೆ, ಕುಗ್ಗುತ್ತದೆ, ಮೇಲೆ ಬಿದ್ದ ರಸವನ್ನು ತಡೆಯಲಾರದೆ ಮುದ್ದೆಯಾಗುತ್ತದೆ.

ಇನ್ನು ಟೊಮ್ಯಾಟೊದ ಪೂರ್ವಕಥೆ. ಅದು ಅಮೆರಿಕ ಖಂಡದ ಸಸ್ಯ. ಸ್ಪೇನಿನ ನಾವಿಕರ ಮೂಲಕ ಯೂರೋಪಿಗೆ ಬಂದುದನ್ನು ಇಟಲಿಯ ವೈದ್ಯ ಪಿಯೆತ್ರೊ ಆಂದ್ರೇಯಾ ಮತ್ತಿಯೋಲಿ 1544ರಲ್ಲಿ ತನ್ನ ಸಸ್ಯಗ್ರಂಥದಲ್ಲಿ ವರ್ಣಿಸಿದನು. ಅದರ ತರುವಾಯವೂ ಅದು ಬಹುಕಾಲ ತೋಟದ ಕೌತುಕವಾಗಿಯೇ ಉಳಿದು, ಹದಿನೇಳನೆಯ ಶತಮಾನದ ಕೊನೆಯ ದಶಕದಲ್ಲಿ ನೇಪಲ್ಸಿನ ಪಾಕಶಾಲೆಯ ಮೇಲ್ವಿಚಾರಕ ಅಂತೋನಿಯೊ ಲತೀನಿಯ ಪುಸ್ತಕದಲ್ಲಿ ಟೊಮ್ಯಾಟೊ ಗೊಜ್ಜಿನ ವಿಧಾನವೊಂದು ಅಚ್ಚಾಯಿತು. ಮತ್ತೆ ಇನ್ನೂರು ವರ್ಷಗಳಾದ ಮೇಲೆ, 1891ರಲ್ಲಿ, ಪೆಲ್ಲೆಗ್ರೀನೊ ಅರ್ತೂಸಿ ತನ್ನ ಪ್ರಸಿದ್ಧ ಪಾಕಗ್ರಂಥವನ್ನು ಪ್ರಕಟಿಸುವ ವೇಳೆಗೆ ಟೊಮ್ಯಾಟೊ ಎಷ್ಟು ಸರ್ವವ್ಯಾಪಿಯಾಗಿತ್ತೆಂದರೆ, ಊರಿನ ಎಲ್ಲ ಮನೆಗಳ ವ್ಯವಹಾರಗಳಲ್ಲಿಯೂ ತಲೆಹಾಕುತ್ತಿದ್ದ ಪಾದ್ರಿಯೊಬ್ಬನಿಗೆ ಜನರು ಟೊಮ್ಯಾಟೊ ಎಂದೇ ಅಡ್ಡಹೆಸರಿಟ್ಟಿದ್ದ ಪ್ರಸಂಗವನ್ನು ಆತ ಅದರಲ್ಲಿ ಹೇಳಿದ್ದಾನೆ.

ನಮ್ಮ ಸೀಮೆಗೂ ಅದು ಹೊಸತೇ. ಐನಾಪುರದಿಂದ ಬಹುದೂರವಲ್ಲದ ಮಳಖೇಡದಲ್ಲಿ, ಕಾಗಿಣಾ ನದಿಯ ದಂಡೆಯ ಮೇಲೆ, ಅಮೋಘವರ್ಷ ನೃಪತುಂಗನು ಆಳಿದ ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟರ ಅರಮನೆಯ ಪಾಕಶಾಲೆಯಲ್ಲಿ ಟೊಮ್ಯಾಟೊ ಇರಲಿಲ್ಲ, ಮೆಣಸಿನಕಾಯಿಯೂ ಇರಲಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದ ಅನ್ನಭೋಗ ಪ್ರಕರಣದಲ್ಲಾಗಲಿ, ಹದಿನಾರನೆಯ ಶತಮಾನದ ಆದಿಭಾಗದಲ್ಲಿ ಮೂರನೆಯ ಮಂಗರಸನು ಕನ್ನಡದಲ್ಲಿ ಬರೆದ ಸೂಪಶಾಸ್ತ್ರದಲ್ಲಾಗಲಿ ಇವೆರಡರ ಸುಳಿವಿಲ್ಲ. ಹುಳಿಯ ಸ್ಥಾನವನ್ನು ನಮ್ಮಲ್ಲಿ ಹುಣಸೆ ತುಂಬುತ್ತಿತ್ತು. ಈ ಭಾಗದ ಊಟದಲ್ಲಂತೂ ಇಂದಿಗೂ ಪುಂಡಿಪಲ್ಯ ಅದನ್ನು ಬಿಟ್ಟುಕೊಟ್ಟಿಲ್ಲ. ರೊಟ್ಟಿಯ ಸಪ್ಪೆಯನ್ನು ಹುಳಿಯಿಂದಲೂ ಖಾರದಿಂದಲೂ ಎತ್ತಿಹಿಡಿಯುವ ಅಭ್ಯಾಸ ಮೊದಲೇ ಇದ್ದುದರಿಂದಲೇ, ಹೊರಗಿನಿಂದ ಬಂದ ಟೊಮ್ಯಾಟೊ ನಮ್ಮ ಅಡುಗೆಮನೆಗಳಲ್ಲಿ ನೆಲೆಯೂರಲು ತಡವಾಗಲಿಲ್ಲವೆಂದು ನನಗೆ ತೋರುತ್ತದೆ. ಉಪ್ಪಿಲ್ಲದ ಬ್ರೆಡ್ಡನ್ನು ಉಣ್ಣುವ ಟಸ್ಕನಿಯವರಿಗೂ, ಉಪ್ಪಿಲ್ಲದ ಜೋಳದ ರೊಟ್ಟಿಯನ್ನು ಉಣ್ಣುವ ಕಲಬುರಗಿಯವರಿಗೂ ಅದು ಒಂದೇ ಬಗೆಯ ಕೊರತೆಯನ್ನು ತುಂಬಿಕೊಟ್ಟಿತು.

ಐನಾಪುರದ ಸುತ್ತಿನ ಭೂಮಿ ಕೆಲವೆಡೆ ಕಪ್ಪು ಎರೆ, ಕೆಲವೆಡೆ ಕೆಂಪು ಮಸಾರಿ. ಮುಂಗಾರಿಗೆ ತೊಗರಿ, ಹೆಸರು, ಉದ್ದು. ಹಿಂಗಾರಿಗೆ ಬಿಳಿಜೋಳ, ಕಡಲೆ, ಕುಸುಬೆ. 1948ರವರೆಗೆ ನಿಜಾಮನ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ, ಈಗ ತೆಲಂಗಾಣದ ಗಡಿಗೆ ತಾಗಿಕೊಂಡಿರುವ ಈ ಸೀಮೆಯಲ್ಲಿ ಗೋಧಿಯ ಹುದುಗು ಬ್ರೆಡ್ಡು ಅಪರಿಚಿತವೇನೂ ಅಲ್ಲ. ಹಳಬರು ಡಬಲ್ ರೊಟ್ಟಿಯೆಂದು ಕರೆಯುವುದೂ, ಚಹಾದಲ್ಲಿ ಅದ್ದಿ ತಿನ್ನುವ ಪಾವ್ ಕೂಡ ಚಿಂಚೋಳಿ, ಸೇಡಂ, ಶಹಾಬಾದಗಳ ಬೇಕರಿಗಳಲ್ಲಿ ನಿತ್ಯ ದೊರೆಯುತ್ತವೆ. ಆದರೆ ಮನೆಯ ಅನ್ನವೆಂದರೆ ಜೋಳದ ರೊಟ್ಟಿಯೇ. ಜೋಳದಲ್ಲಿ ಗೋಧಿಯ ಜಿಗುಟು ಇಲ್ಲವಾದ್ದರಿಂದ, ಕುದಿಯುವ ಎಸರನ್ನು ಹಿಟ್ಟಿಗೆ ಹೊಯ್ದು, ಪಿಷ್ಟ ಅರೆಬೆಂದು ಕೊಡುವ ಅಂಟಿನ ಬಲದಿಂದಲೇ ರೊಟ್ಟಿಯನ್ನು ಬಡಿಯಬೇಕು. ಹಂಚಿಗೆ ಹಾಕಿದ ಮೇಲೆ ಮೇಲ್ಮೈಗೆ ನೀರು ಸವರಿ, ತಿರುವಿ, ಕಡೆಗೆ ಕೆಂಡದ ಎದುರಿಗೆ ನಿಲ್ಲಿಸಿ ಉಬ್ಬಿಸಬೇಕು. ಅಂದಂದಿನದು ಬಿಸಿ ರೊಟ್ಟಿಯಾದರೆ, ತೆಳ್ಳಗೆ ಬಡಿದು ನೀರಿನಂಶ ಪೂರ್ತಿ ಹೋಗುವಂತೆ ಒಣಗಿಸಿದುದು ವಾರಗಟ್ಟಲೆ ಕೆಡದ ಖಡಕ್ ರೊಟ್ಟಿ. ಜಾತ್ರೆಗೂ ಪ್ರಯಾಣಕ್ಕೂ ಬುತ್ತಿಯಾಗಿ ಹೋಗುವುದು ಅದೇ. ವಿಶ್ವಸಂಸ್ಥೆಯು 2023ನ್ನು ಸಿರಿಧಾನ್ಯಗಳ ಅಂತಾರಾಷ್ಟ್ರೀಯ ವರ್ಷವೆಂದು ಘೋಷಿಸಿದ ಮೇಲೆ ಪಟ್ಟಣಗಳ ಅಂಗಡಿಗಳಲ್ಲಿ ಜೋಳಕ್ಕೆ ಹೊಸ ಗೌರವ ಬಂದಿರಬಹುದು. ಇಲ್ಲಿ ಆ ಗೌರವ ಎಂದೂ ತಪ್ಪಿರಲಿಲ್ಲ.

ಈ ಸೀಮೆಯ ಮುಟಗಿಯನ್ನು ತಿಂದವರಿಗೆ ಫೆತ್ತುಂತಾವನ್ನು ವಿವರಿಸುವ ಅಗತ್ಯ ಬಹಳವಾಗಿ ಇಲ್ಲ. ಕೊಂಚ ದಪ್ಪವಾಗಿ ಬಡಿದ ರೊಟ್ಟಿ ಹಂಚಿನಿಂದ ಇಳಿಯುತ್ತಲೇ ಅದನ್ನು ಮುರಿದು ಒರಳಿಗೆ ಹಾಕಿ, ಬೆಳ್ಳುಳ್ಳಿ, ಜೀರಿಗೆ, ಮೆಣಸಿನಕಾಯಿ, ಉಪ್ಪು ಸೇರಿಸಿ ಕುಟ್ಟಿ, ಎಣ್ಣೆಯನ್ನೋ ತುಪ್ಪವನ್ನೋ ಹೊಯ್ದು, ಬಿಸಿ ಆರುವ ಮೊದಲೇ ಮುಷ್ಟಿಯಲ್ಲಿ ಹಿಡಿದು ಕಟ್ಟಿದ ಉಂಡೆಯದು. ಧಾನ್ಯ, ಬೆಂಕಿ, ಹಸಿ ಬೆಳ್ಳುಳ್ಳಿ, ಉಪ್ಪು, ಕಾಯಿಸದ ಎಣ್ಣೆ: ಸಾಮಗ್ರಿ ಎರಡಕ್ಕೂ ಹೆಚ್ಚುಕಡಿಮೆ ಒಂದೇ. ಆದರೆ ಎರಡರ ಸ್ವಭಾವ ಒಂದೇ ಎನ್ನುವುದು ಸರಿಯಾಗದು. ಮುಟಗಿಯಲ್ಲಿ ಒರಳಿನ ಪೆಟ್ಟಿಗೆ ಎಲ್ಲವೂ ತಮ್ಮ ಗುರುತನ್ನು ಕಳೆದುಕೊಂಡು ಒಂದೇ ರುಚಿಯಾಗುತ್ತವೆ. ಬ್ರುಸ್ಕೆಟ್ಟಾದಲ್ಲಿ ಒಂದೊಂದೂ ತನ್ನ ತನ್ನ ಪದರದಲ್ಲಿ ನಿಂತು, ಹಲ್ಲಿಗೆ ಮೊದಲು ಗರಿಗರಿ, ನಾಲಿಗೆಗೆ ಆಮೇಲೆ ಹುಳಿ, ಉಸಿರಿಗೆ ಕಡೆಯಲ್ಲಿ ಬೆಳ್ಳುಳ್ಳಿ ಎಂಬ ಅನುಕ್ರಮದಲ್ಲಿ ಬರುತ್ತವೆ. ನಾನು ಸುಟ್ಟ ಪಾವಿನ ಮೇಲೆ ಬೆಳ್ಳುಳ್ಳಿಯ ಎಸಳನ್ನು ತಿಕ್ಕುತ್ತಿದ್ದಾಗ ದೊಡ್ಡವ್ವ ಕೇಳಿದ ಪ್ರಶ್ನೆ ಈ ಭೇದವನ್ನೇ ಮುಟ್ಟಿತು. "ಹಿಂಗ ತಿಕ್ಕೋದ್ಯಾಕೋ ತಮ್ಮಾ, ಕುಟ್ಟಿ ಟಮಾಟಿಯೊಳಗ ಕಲಸಿದರ ಆಗಂಗಿಲ್ಲೇನು?" ಕಲಸಬಹುದು; ಅನೇಕರು ಕಲಸುತ್ತಾರೆ. ಆದರೆ ಬೆಳ್ಳುಳ್ಳಿಯ ಘಾಟು ಅದರ ಜೀವಕೋಶಗಳು ಒಡೆದ ಕ್ಷಣದಲ್ಲಿ ಹುಟ್ಟುವಂಥದು. ಕುಟ್ಟಿ ಕಲಸಿಟ್ಟರೆ ಹೊತ್ತು ಕಳೆದಂತೆ ಅದು ಟೊಮ್ಯಾಟೊವನ್ನೆಲ್ಲ ಆಕ್ರಮಿಸಿಕೊಳ್ಳುತ್ತದೆ. ಸುಟ್ಟ ಬ್ರೆಡ್ಡಿನ ಒರಟು ಮೈ ತುರಿಮಣೆಯಂತೆ ಕೆಲಸಮಾಡಿ ಎಸಳಿನಿಂದ ಬೇಕಾದಷ್ಟನ್ನು ಮಾತ್ರ ಎಳೆದುಕೊಳ್ಳುತ್ತದೆ, ಬಿಸಿಗೆ ಅದರ ಕಟುತ್ವ ತುಸು ತಗ್ಗುತ್ತದೆ, ಘಮ ಮಾತ್ರ ಉಳಿಯುತ್ತದೆ. ದೊಡ್ಡವ್ವ ಒಂದು ತುಂಡನ್ನು ತಾನೇ ತೆಗೆದುಕೊಂಡು ತಿಕ್ಕಿ, ಮೂಸಿ ನೋಡಿ, "ಹೌದು, ಇದು ಬ್ಯಾರೇನೇ ಅದ" ಎಂದಳು.

ಎಣ್ಣೆಯ ವಿಚಾರದಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಏಕೆಂದರೆ ಈ ತಿನಿಸಿನ ಗೆಲುವು ಸೋಲು ಅಲ್ಲಿಯೇ ಅಡಗಿದೆ. ಆಲಿವ್ ಎಣ್ಣೆ ಇಂದು ಕಲಬುರಗಿಯ ದೊಡ್ಡ ಅಂಗಡಿಗಳಲ್ಲಿ ದೊರೆಯುತ್ತದೆ. ಆದರೆ ಶೀಶೆಯ ಮೇಲಿನ ಚಿತ್ರವನ್ನು ನೋಡಿ ಕೊಳ್ಳುವವರು ಮೋಸಹೋಗುವ ಸಂಭವ ಹೆಚ್ಚು. ಎಕ್ಸ್‌ಟ್ರಾ ವರ್ಜಿನ್ ಎಂದು ಬರೆದಿರುವುದು ಕಾಯಿಯನ್ನು ಅರೆದು, ರಾಸಾಯನಿಕ ದ್ರಾವಕದ ಸಹಾಯವಿಲ್ಲದೆ ತೆಗೆದ ಎಣ್ಣೆ. ಅದರಲ್ಲಿನ ಆಮ್ಲೀಯತೆ ಪ್ರತಿಶತ 0.8ನ್ನು ಮೀರಬಾರದೆಂಬ ನಿಯಮವಿದೆ. ಪೊಮೇಸ್ ಎಂದು ಬರೆದಿರುವುದಾದರೋ ಗಾಣದಲ್ಲಿ ಉಳಿದ ಹಿಂಡಿಯಿಂದ ದ್ರಾವಕದ ಮೂಲಕ ಎಳೆದು ಶುದ್ಧೀಕರಿಸಿದುದು. ಕರಿಯುವುದಕ್ಕೆ ಅದು ಆದೀತು, ಬ್ರುಸ್ಕೆಟ್ಟಾಕ್ಕೆ ಅದರಿಂದ ಪ್ರಯೋಜನವಿಲ್ಲ. ಆ ಎಣ್ಣೆಗೆ ಸುವಾಸನೆಯೂ ಇಲ್ಲ, ತೀಕ್ಷ್ಣತೆಯೂ ಇಲ್ಲ.

ಹೀಗಿರುವಾಗ, ಸ್ವಂತ ಹೊಲದ ಅಂಚಿನಲ್ಲಿ ಬೆಳೆಯುವ ಕುಸುಬೆಯನ್ನು ನಾವೇಕೆ ಮರೆಯಬೇಕು? ಜೋಳದ ಹೊಲದ ಸುತ್ತ ಕುಸುಬೆಯ ಸಾಲು ಬಿತ್ತುವುದು ಈ ಸೀಮೆಯ ಹಳೆಯ ವಾಡಿಕೆ. ಬಲಿತ ಗಿಡದ ಎಲೆಗಳ ಮುಳ್ಳಿಗೆ ಅಂಜಿ ದನಗಳು ಒಳನುಗ್ಗುವುದಿಲ್ಲ. ಎಳೆಯದಿದ್ದಾಗ ಅದೇ ಎಲೆ ಪಲ್ಯವಾಗುತ್ತದೆ, ಹೂವಿನ ಎಸಳು ಬಣ್ಣಕ್ಕಾಗುತ್ತದೆ, ಬೀಜವನ್ನು ಅರೆದು ಹಿಂಡಿದ ಹಾಲಿನಿಂದ ಹುಗ್ಗಿಯಾಗುತ್ತದೆ, ಗಾಣಕ್ಕೆ ಹಾಕಿದರೆ ತಿಳಿಹೊನ್ನಿನ ಬಣ್ಣದ ಎಣ್ಣೆ. ಒಂದು ಗಿಡ ಇಷ್ಟನ್ನು ಕೊಡುತ್ತಿದ್ದರೂ, ಅಗ್ಗದ ತಾಳೆ ಎಣ್ಣೆಯ ಪಾಕೀಟುಗಳು ಹಳ್ಳಿಯ ಕಿರಾಣಿ ಅಂಗಡಿಗಳನ್ನು ತುಂಬಿದ ಮೇಲೆ, ಮುಳ್ಳುಗಿಡವನ್ನು ಕೊಯ್ಯುವ ಕೂಲಿಯ ಕಷ್ಟವೂ ಅದಕ್ಕೆ ಕೂಡಿ, ಕುಸುಬೆಯ ಬಿತ್ತನೆ ಹಿಂದೆ ಸರಿಯುತ್ತ ಬಂದಿರುವುದು ನನಗೆ ನಿಜವಾದ ದುಃಖದ ಸಂಗತಿ. ಗಾಣದ ಕುಸುಬೆ ಎಣ್ಣೆ ಆಲಿವ್ ಎಣ್ಣೆಯ ಪ್ರತಿರೂಪವಲ್ಲ. ಗಂಟಲನ್ನು ಅದು ಕಚ್ಚುವುದಿಲ್ಲ, ಹಸುರು ಕಾಯಿಯ ಕಹಿ ಅದರಲ್ಲಿಲ್ಲ. ಅದರ ಗುಣ ಬೇರೆ: ಹುರಿದ ಬೀಜದ ನೆನಪು ತರುವ ಮಂದವಾದ ಕಂಪು, ನಾಲಿಗೆಗೆ ಹಗುರ, ಟೊಮ್ಯಾಟೊದ ಹುಳಿಗೆ ಅಡ್ಡಬಾರದ ಸೌಮ್ಯತೆ. ಶೇಂಗಾ ಎಣ್ಣೆಯನ್ನೂ ಎಳ್ಳೆಣ್ಣೆಯನ್ನೂ ಹಾಕಿ ನೋಡಿದವನಾಗಿ ಹೇಳುವುದಾದರೆ, ಅವೆರಡೂ ತಮ್ಮ ಪ್ರಬಲವಾದ ವಾಸನೆಯಿಂದ ಉಳಿದುದನ್ನೆಲ್ಲ ಮರೆಮಾಡುತ್ತವೆ. ಕುಸುಬೆ ಎಣ್ಣೆಗೆ ಒಂದೇ ಎಚ್ಚರ ಬೇಕು. ಅದರಲ್ಲಿ ಲಿನೋಲಿಕ್ ಆಮ್ಲ ಬಹಳವಾಗಿ, ಸಾಮಾನ್ಯ ತಳಿಗಳಲ್ಲಿ ಪ್ರತಿಶತ 70ಕ್ಕಿಂತಲೂ ಹೆಚ್ಚಾಗಿ, ಇರುವುದರಿಂದ ಬೆಳಕಿಗೂ ಶಾಖಕ್ಕೂ ಅದು ಬೇಗ ಕನರುತ್ತದೆ. ಕಡಿಮೆ ಪ್ರಮಾಣದಲ್ಲಿ ತಂದು, ಕತ್ತಲಲ್ಲಿಟ್ಟು, ಬೇಗ ಮುಗಿಸಬೇಕು. ಕಾಯಿಸದೆ ಬಳಸುವ ತಿನಿಸಿಗೆ ಅದು ಸರಿಹೊಂದುವುದೂ ಈ ಕಾರಣದಿಂದಲೇ.

ಟೊಮ್ಯಾಟೊದಲ್ಲಿ ಈಗ ಸಂತೆಗೆ ಬರುವುದು ಬಹುಮಟ್ಟಿಗೆ ಸಂಕರ ತಳಿಗಳು. 1967ರಲ್ಲಿ ಸ್ಥಾಪಿತವಾದ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಹೊರತಂದ ಅರ್ಕಾ ರಕ್ಷಕ್ ಎಲೆ ಮುಟುರು ನಂಜು, ದುಂಡಾಣು ಸೊರಗು, ಅಂಗಮಾರಿ ಈ ಮೂರನ್ನೂ ತಡೆಯಬಲ್ಲ ತಳಿ. ಗಟ್ಟಿಯಾದ, ದೂರದ ಸಾಗಣೆಯನ್ನು ಸಹಿಸುವ ಹಣ್ಣು. ಕೋಲಾರದಂತಹ ಮಹಾಮಾರುಕಟ್ಟೆಯಿಂದ ಲಾರಿಯೇರಿ ರಾಜ್ಯರಾಜ್ಯಗಳನ್ನು ದಾಟಬೇಕಾದ ಬೆಳೆಗೆ ಆ ಗಟ್ಟಿತನ ಅನಿವಾರ್ಯ, ಅದನ್ನು ಹಳಿಯುವುದು ನ್ಯಾಯವಲ್ಲ. ಒಂದು ಋತುವಿನಲ್ಲಿ ರಸ್ತೆಯ ಬದಿಗೆ ಸುರಿಯುವಷ್ಟು ಅಗ್ಗವಾಗಿ, 2023ರ ಜುಲೈಯಲ್ಲಿ ಕಿಲೊಗೆ ನೂರು ರೂಪಾಯಿಗಳನ್ನು ದಾಟಿದ ಈ ಹಣ್ಣಿನ ಭಾಗ್ಯವನ್ನು ನಂಬಿ ಬದುಕುವ ರೈತನಿಗೆ ಕೊಳೆಯದಿರುವುದೇ ಮೊದಲ ಗುಣ. ಆದರೂ ಜವಾರಿ ಟೊಮ್ಯಾಟೊ ಸಿಕ್ಕುವಲ್ಲಿ ಅದನ್ನೇ ಆರಿಸಬೇಕೆಂದು ಹೇಳುತ್ತೇನೆ. ಚಪ್ಪಟೆಯಾಗಿ, ಮೈಮೇಲೆ ಗೆರೆಗಳಿದ್ದು, ತೆಳುವಾದ ಸಿಪ್ಪೆಯೊಳಗೆ ರಸವೇ ತುಂಬಿರುವ ಆ ಹುಳಿಹಣ್ಣು ಚಳಿಗಾಲದ ಬೆಳೆಯಲ್ಲಿ ಅತ್ಯಂತ ಸ್ವಾದಿಷ್ಟವಾಗಿರುತ್ತದೆ. ಇಲ್ಲಿಯ ಬೇಸಿಗೆಯಲ್ಲಿ ಹೂವೇ ಉದುರುವುದರಿಂದ ಒಳ್ಳೆಯ ಹಣ್ಣನ್ನು ನಿರೀಕ್ಷಿಸುವಂತಿಲ್ಲ. ತಂದ ಹಣ್ಣನ್ನು ಶೀತಕಪಾಟಿನಲ್ಲಿ ಇಡಲಾಗದು. ಸುಮಾರು 12 ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಪರಿಮಳವನ್ನು ಹುಟ್ಟಿಸುವ ಅದರ ಕ್ರಿಯೆಗಳು ಸ್ತಬ್ಧವಾಗುತ್ತವೆ, ಆಮೇಲೆ ಹೊರಗಿಟ್ಟರೂ ಪೂರ್ತಿಯಾಗಿ ಮರಳುವುದಿಲ್ಲ. ಶಹಾಬಾದಿ ಫರಸಿ ಹಾಸಿದ ಈ ಭಾಗದ ಮನೆಗಳ ನೆಲ ಬಿರುಬಿಸಿಲಿನಲ್ಲಿಯೂ ತಂಪು. ತೊಟ್ಟಿನ ಭಾಗವನ್ನು ಕೆಳಗೆ ಮಾಡಿ ಅದರ ಮೇಲೆ ಹಣ್ಣುಗಳನ್ನು ಬಿಡಿಬಿಡಿಯಾಗಿ ಹರಡಿದರೆ ತೊಟ್ಟಿನ ಗಾಯದಿಂದ ನೀರು ಆರಿಹೋಗುವುದು ತಪ್ಪುತ್ತದೆ.

ಇನ್ನು ಮಾಡುವ ಕ್ರಮ. ನಾಲ್ವರಿಗೆ ಅರ್ಧ ಕಿಲೊ ಟೊಮ್ಯಾಟೊ, ನಿನ್ನೆಯ ನಾಲ್ಕು ಪಾವ್, ಬೆಳ್ಳುಳ್ಳಿಯ ಎರಡು ದೊಡ್ಡ ಎಸಳು, ಮುಕ್ಕಾಲು ಚಹಾಚಮಚ ಉಪ್ಪು, ಮೂರು ದೊಡ್ಡ ಚಮಚ ಎಣ್ಣೆ, ಎಂಟು ಹತ್ತು ಎಲೆ ಕಾಮಕಸ್ತೂರಿ ಸಾಕು. ಚೌಕಾಕಾರದ ಹೋಳು ಬ್ರೆಡ್ಡು ಸಿಹಿಯಾಗಿಯೂ ತೆಳುವಾಗಿಯೂ ಇರುವುದರಿಂದ ಅದನ್ನು ಬಿಡುವುದು ಲೇಸು. ಟೊಮ್ಯಾಟೊವನ್ನು ಬೆರಳ ತುದಿಯಷ್ಟು ಚೂರುಗಳಾಗಿ ಹೆಚ್ಚಿ, ಉಪ್ಪು ಬೆರೆಸಿ, ಜಾಲರಿಯಲ್ಲಿ ಕಾಲು ಗಂಟೆ ಇಡಬೇಕು, ಕೆಳಗೊಂದು ಬಟ್ಟಲಿರಲಿ. ಹಣ್ಣಿನಲ್ಲಿ ಪ್ರತಿಶತ 94ರಷ್ಟು ನೀರೇ ಇರುವುದರಿಂದ, ಉಪ್ಪು ಅದನ್ನು ಹೊರಗೆಳೆಯದಿದ್ದರೆ ಆ ನೀರೆಲ್ಲ ಬ್ರೆಡ್ಡಿನೊಳಗೆ ಇಳಿಯುತ್ತದೆ. ಬೀಜವನ್ನು ತೆಗೆದುಹಾಕಬೇಕೆಂದು ಹಲವು ಪಾಕಪುಸ್ತಕಗಳು ಉಪದೇಶಿಸುತ್ತವೆ. ನಾನು ಇದನ್ನು ಒಪ್ಪಲಾರೆ. ನಾಲಿಗೆಗೆ ತೃಪ್ತಿ ಕೊಡುವ ಗ್ಲುಟಮೇಟ್ ಎಂಬ ವಸ್ತು ಟೊಮ್ಯಾಟೊದ ಹೊರತಿರುಳಿಗಿಂತ ಬೀಜದ ಸುತ್ತಣ ಲೋಳೆಯಲ್ಲಿಯೇ ಹೆಚ್ಚು. ಅದನ್ನು ಎಸೆದವರು ರುಚಿಯ ಬಹುಭಾಗವನ್ನು ಎಸೆದಂತೆಯೇ. ನೀರು ಬಸಿದುಹೋಗಲಿ, ಲೋಳೆ ಉಳಿಯಲಿ.

ಕಾಮಕಸ್ತೂರಿಯ ಹೆಸರನ್ನು ಇಲ್ಲಿ ಕಂಡು ಕೆಲವರಿಗೆ ಆಶ್ಚರ್ಯವಾಗಬಹುದು. ಇಟಲಿಯವರು ಬಾಸೀಲಿಕೊ ಎಂದು ಕರೆಯುವ, ನಗರದ ಅಂಗಡಿಗಳಲ್ಲಿ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿಟ್ಟು ದುಬಾರಿ ಬೆಲೆಗೆ ಮಾರುವ ಎಲೆ ಸಸ್ಯಶಾಸ್ತ್ರದ ದೃಷ್ಟಿಯಿಂದ ನಮ್ಮ ಕಾಮಕಸ್ತೂರಿಯ ಜಾತಿಯದೇ. ತುಳಸಿ ಅದರ ನಿಕಟಬಂಧು. ಹೂವಾಡಗಿತ್ತಿಯರು ಮಾಲೆಯ ನಡುವೆ ಸೇರಿಸಿ ಕಟ್ಟುವುದೂ, ರಂಜಾನಿನ ತಿಂಗಳಲ್ಲಿ ಶರಬತ್ತಿಗೆ ನೆನೆಸುವ ಸಬ್ಜಾ ಬೀಜವೂ ಈ ಗಿಡದ್ದೇ. ನಮ್ಮಲ್ಲಿಯ ಬಗೆಗೆ ಲವಂಗದ ಛಾಯೆ ತುಸು ಹೆಚ್ಚು, ಎಲೆ ಚಿಕ್ಕದು. ಆದ್ದರಿಂದ ಕೈಯಿಂದ ಹರಿದು ಮಿತವಾಗಿ ಹಾಕಬೇಕು. ಬಡಿಸುವ ಕ್ಷಣದಲ್ಲಿಯೇ ಹಾಕಬೇಕು, ಇಲ್ಲವಾದರೆ ಉಪ್ಪಿಗೆ ಕಪ್ಪಾಗುತ್ತದೆ. ಕಾಮಕಸ್ತೂರಿ ಸಿಕ್ಕದಿದ್ದರೆ ಕೋತಂಬರಿ ಹಾಕುವವರುಂಟು. ತಪ್ಪೇನಲ್ಲ, ಆದರೆ ಆಗ ಅದು ನಮ್ಮ ನಿತ್ಯದ ಕೋಸಂಬರಿಯ ಕಡೆಗೆ ವಾಲುತ್ತದೆ.

ಪಾವನ್ನು ಅಡ್ಡಲಾಗಿ ಸೀಳಿ, ಸೀಳಿದ ಮೈಯನ್ನು ಕೆಳಗೆ ಮಾಡಿ, ಎಣ್ಣೆ ಸವರದ ಕಬ್ಬಿಣದ ಹಂಚಿನ ಮೇಲೆ ಮಧ್ಯಮ ಉರಿಯಲ್ಲಿ ಸುಡಬೇಕು. ಕಟ್ಟಿಗೆಯ ಒಲೆಯಿರುವ ಮನೆಯಲ್ಲಾದರೆ, ರೊಟ್ಟಿಯ ಕೆಲಸ ಮುಗಿದು ಉರಿ ಅಡಗಿದ ಮೇಲೆ ಉಳಿಯುವ ಕೆಂಡವೇ ಶ್ರೇಷ್ಠ. ಜಾಳಿಗೆಯೊಂದನ್ನು ಮೇಲಿಟ್ಟು, ಅಂಚು ಒಂದಿಷ್ಟು ಕರಕಾಗುವವರೆಗೆ ಬಿಡಬೇಕು. ಐನಾಪುರದಲ್ಲಿ ಗ್ಯಾಸಿನ ಒಲೆ ಮನೆಮನೆಗೂ ಬಂದ ಮೇಲೂ ರೊಟ್ಟಿಗೆಂದು ಕಟ್ಟಿಗೆಯ ಒಲೆಯನ್ನು ಉಳಿಸಿಕೊಂಡವರಿದ್ದಾರೆ, ದೊಡ್ಡವ್ವನೂ ಅವರಲ್ಲೊಬ್ಬಳು. ಆ ಕೆಂಡದ ಹೊಗೆಗಂಪನ್ನು ಯಾವ ವಿದ್ಯುತ್ ಯಂತ್ರವೂ ಕೊಡಲಾರದು. ಬೆಣ್ಣೆ ಹಚ್ಚಿ ಸುಡುವ ಅಭ್ಯಾಸ ಬೇಕರಿ ಟೋಸ್ಟಿಗೆ ಸಲ್ಲುತ್ತದೆ, ಇಲ್ಲಿ ಸಲ್ಲದು. ಜಿಡ್ಡು ಮೊದಲೇ ತುಂಬಿದ ಬ್ರೆಡ್ಡು ಬೆಳ್ಳುಳ್ಳಿಯನ್ನು ಹಿಡಿಯುವುದಿಲ್ಲ. ಸುಟ್ಟೊಡನೆ, ಬಿಸಿಯಿರುವಾಗಲೇ, ಎಸಳನ್ನು ಎರಡು ಮೂರು ಸಲ ತಿಕ್ಕಿ, ಅರ್ಧದಷ್ಟು ಎಣ್ಣೆಯನ್ನು ಮೊದಲು ಬ್ರೆಡ್ಡಿನ ಮೇಲೆಯೇ ಸುರಿಯಬೇಕು. ಈ ಮೊದಲ ಎಣ್ಣೆ ಬ್ರೆಡ್ಡಿಗೂ ರಸಕ್ಕೂ ನಡುವೆ ಒಂದು ತೆರೆಯಾಗಿ ನಿಂತು ಅದು ಮೆತ್ತಗಾಗುವುದನ್ನು ಕೆಲ ನಿಮಿಷ ತಡೆಯುತ್ತದೆ. ಆಮೇಲೆ ಟೊಮ್ಯಾಟೊ, ಆಮೇಲೆ ಎಲೆ, ಕಡೆಗೆ ಉಳಿದ ಎಣ್ಣೆ. ಈ ಕ್ರಮದಲ್ಲಿ ಒಂದು ಹಿಂದುಮುಂದಾದರೂ ಪದಾರ್ಥ ಅವೇ ಇದ್ದು ತಿನಿಸು ಬೇರೆಯಾಗುತ್ತದೆ. ಅತಿಥಿಗಳು ಕುಳಿತ ಮೇಲೆ ಜೋಡಿಸಬೇಕೇ ಹೊರತು, ಜೋಡಿಸಿಟ್ಟು ಅತಿಥಿಗಳನ್ನು ಕಾಯಬಾರದು.

ತುಂಬ ರಸಭರಿತವಾದ ಜವಾರಿ ಹಣ್ಣು ಬಸಿದರೂ ಬಸಿದರೂ ನೀರು ಬಿಡುತ್ತಿದ್ದರೆ, ಸ್ಪೇನಿನ ಕತಲೂನ್ಯಾ ಪ್ರಾಂತದವರ ಉಪಾಯವನ್ನು ಅನುಸರಿಸಬಹುದು. ಅವರು ಹಣ್ಣನ್ನು ಹೆಚ್ಚುವ ಗೋಜಿಗೆ ಹೋಗದೆ, ಎರಡು ಹೋಳು ಮಾಡಿ ಸುಟ್ಟ ಬ್ರೆಡ್ಡಿನ ಮೈಗೇ ತಿಕ್ಕಿ, ಸಿಪ್ಪೆ ಮಾತ್ರ ಕೈಯಲ್ಲಿ ಉಳಿದಾಗ ನಿಲ್ಲಿಸಿ, ಉಪ್ಪು ಎಣ್ಣೆ ಹಾಕಿ ತಿನ್ನುತ್ತಾರೆ.

ಖಡಕ್ ಜೋಳದ ರೊಟ್ಟಿಯ ಮೇಲೆ ಇದನ್ನು ಮಾಡಬಹುದೇ ಎಂಬ ಪ್ರಶ್ನೆ ಐನಾಪುರದಲ್ಲಿ ಏಳದಿರಲು ಸಾಧ್ಯವಿರಲಿಲ್ಲ. ಮಾಡಿ ನೋಡಿದೆವು. ಅಭಿಮಾನಕ್ಕೆ ಕಟ್ಟುಬಿದ್ದು ಅದು ಪಾವಿಗಿಂತ ಮೇಲೆಂದು ನಾನು ಹೇಳಲಾರೆ. ರೊಟ್ಟಿ ತೆಳುವಾದ್ದರಿಂದ ಹೊರಗೆ ಗರಿ, ಒಳಗೆ ಮೃದು ಎಂಬ ದ್ವಂದ್ವ ಅದರಲ್ಲಿ ಸಿಗದು. ಬೆಳ್ಳುಳ್ಳಿ ತಿಕ್ಕುವಾಗ ಮುರಿಯುತ್ತದೆ. ರಸ ತಾಗಿದ ಎರಡು ನಿಮಿಷಕ್ಕೆ ಚರ್ಮದಂತೆ ಜಿಗುಟಾಗುತ್ತದೆ. ಆದರೆ ಬ್ರೆಡ್ಡಿಗಿಲ್ಲದ ಒಂದು ಗುಣ ಅದಕ್ಕಿದೆ: ಬಿಳಿಜೋಳದ ಸಿಹಿ. ಹಿಂಗಾರಿಯ ಮಾಲದಂಡಿ ಜೋಳದ ರೊಟ್ಟಿಯನ್ನು ಎರಡನೆಯ ಸಲ ಕೆಂಡಕ್ಕೆ ತೋರಿಸಿದಾಗ ಹೊರಡುವ ಕಂಪು ಕುಸುಬೆ ಎಣ್ಣೆಯೊಡನೆ ಎಷ್ಟು ಸಹಜವಾಗಿ ಕೂಡುತ್ತದೆಂದರೆ, ಟೊಮ್ಯಾಟೊವನ್ನು ಹಾಕದೆ ಅಷ್ಟನ್ನೇ ತಿನ್ನುವುದು ಲೇಸೆಂದು ತೋರಿತು. ಅಂದರೆ ಮತ್ತೆ ಫೆತ್ತುಂತಾಕ್ಕೇ, ಆ ಗಾಣದ ಬಳಿಯ ತಿನಿಸಿಗೇ ಬಂದು ನಿಂತೆವು. ರೊಟ್ಟಿಯೊಡನೆ ಟೊಮ್ಯಾಟೊ ಬೇಕೇ ಬೇಕೆಂಬವರು ಅದನ್ನು ಬೇರೆ ಬಟ್ಟಲಿನಲ್ಲಿಟ್ಟುಕೊಂಡು, ಮುರಿದ ತುಂಡಿನಿಂದ ತೆಗೆದುಕೊಂಡು ತಿನ್ನಲಿ. ದೊಡ್ಡವ್ವ ಅದರ ಪಕ್ಕಕ್ಕೆ ಶೇಂಗಾ ಹಿಂಡಿಯನ್ನೂ ಇಟ್ಟಳು. ಇಟಲಿಯವರು ಆಕ್ಷೇಪಿಸಬಹುದಾದ ಈ ಸೇರ್ಪಡೆಯನ್ನು ಮನೆಯ ಹುಡುಗರು ಎರಡನೆಯ ಸಲ ಕೇಳಿ ಹಾಕಿಸಿಕೊಂಡರು.

ಟೊಮ್ಯಾಟೊದ ಕೆಳಗೆ ಬಟ್ಟಲಿನಲ್ಲಿ ಬಸಿದು ನಿಂತ ರಸದ ಮಾತೊಂದು ಉಳಿಯಿತು. ಉಪ್ಪು ಹುಳಿ ಕೂಡಿದ ಆ ತಿಳಿರಸವನ್ನು ಒಂದೆರಡು ಚಮಚ ಎಣ್ಣೆಯೊಡನೆ ಕಲಕಿ ಬ್ರುಸ್ಕೆಟ್ಟಾದ ಮೇಲೆಯೇ ಹನಿಸಬಹುದು. ನಮ್ಮಲ್ಲಿ ಮಿಕ್ಕುದನ್ನೆಲ್ಲ ದೊಡ್ಡವ್ವ, ಒಲೆಯ ಇನ್ನೊಂದು ಕಡೆ ಬೇಯುತ್ತಿದ್ದ ತೊಗರಿಬೇಳೆಗೆ ಸುರಿದು, ಹುಣಸೆಯನ್ನು ಆ ದಿನ ಅರ್ಧಕ್ಕೆ ಇಳಿಸಿದಳು. ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಸುಣ್ಣದಂಶವುಳ್ಳ ಈ ನೆಲದಲ್ಲಿ ಬೆಳೆದ ಆ ಬೇಳೆ ಬೇಗ ಬೇಯುತ್ತದೆ, ರುಚಿಯಾಗಿರುತ್ತದೆ. ಪಾವು ಮುಗಿಯುವ ಹೊತ್ತಿಗೆ ಬೇಳೆಗೆ ಒಗ್ಗರಣೆ ಬಿದ್ದಿತ್ತು, ಬಿಸಿ ರೊಟ್ಟಿಯ ಊಟಕ್ಕೆ ತಟ್ಟೆಗಳನ್ನು ಹಾಕಿದರು.